ಅವಳು ಕರೆಯದ ಹೆಸರು

"ನಿಲ್ಲೋ... ಬಾರ್ಸ್! ನಿಲ್ಲೋ ಅಂದ್ರೆ!"

ಯಾರು ಕೇಳಬೇಕು? ಕರಗಿದ ಹಿಮದ ಕೆಸರಿನಲ್ಲಿ ಮೀರಿಮ್ ಮಂಡಿಯೂರಿ ಬಿದ್ದಿದ್ದಳು. ಅವಳು ಕೈಗೆ ಸುತ್ತಿಕೊಂಡಿದ್ದ ಹಗ್ಗವನ್ನು ಆ ದೈತ್ಯ ನಾಯಿ ಇನ್ನೂ ಎಳೆಯುತ್ತಲೇ ಇತ್ತು.

ಆಗ ಎದುರಿಗೆ ಒಬ್ಬ ಅಪರಿಚಿತ ಬಂದು ನಿಂತ. ಹೆದರಲಿಲ್ಲ, ಕೂಗಲಿಲ್ಲ. ದಾರಿಗಡ್ಡವಾಗಿ ಸುಮ್ಮನೆ ನಿಂತ. ಬಾರ್ಸ್ ತಬ್ಬಿಬ್ಬಾಗಿ ನಿಂತುಬಿಟ್ಟಿತು!

ಅವನು ಹಗ್ಗ ಹಿಡಿದುಕೊಂಡು ಅವಳತ್ತ ನೋಡಿದ.

"ರೀ, ನೀವು ನಾಯಿ ಸಾಕಿದ್ದೀರೋ, ನಾಯಿ ನಿಮ್ಮನ್ನ ಸಾಕಿದೆಯೋ?"

ಮೀರಿಮ್‌ಗೆ ಮೈಯೆಲ್ಲ ಉರಿದುಹೋಯಿತು. 'ಏನು ಅಹಂಕಾರ ಇವನಿಗೆ!' ಆದರೂ ಕಣ್ಣು ತುಂಬಿ ಬಂತು. ಅವನ ಮಾತಿನಲ್ಲಿ ಸುಳ್ಳೇನಿತ್ತು?

ಆವತ್ತೇ ಬೆಳಿಗ್ಗೆ ವಠಾರದ ಹಿರಿಯಳು ಸಬೀರಾ ಅಕ್ಕ ಬಾಗಿಲಿಗೇ ಬಂದು ಹೇಳಿಹೋಗಿದ್ದಳು. "ನಿನ್ನೆ ನನ್ನ ಮೇಲೆ ಹಾರಿ ಕೆಡವಿತು ಕಣೇ ನಿನ್ನ ನಾಯಿ! ನೂರೂಜ್ ಹಬ್ಬದೊಳಗೆ ಅದು ಮಾತು ಕೇಳಬೇಕು. ಇಲ್ಲಾಂದ್ರೆ ನಾಯಿ ಹಿಡಿಯೋರನ್ನ ನಾನೇ ಕರೆಸ್ತೀನಿ."

ಹಾಗೆ ಹಿಡಿದೊಯ್ದ ನಾಯಿ ತಿರುಗಿ ಬಂದದ್ದನ್ನು ವಠಾರದಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಪುಟ್ಟ ಮನೆಯಲ್ಲಿ ಮೀರಿಮ್‌ಗೆ ಉಳಿದಿದ್ದ ಜೊತೆ ಅದೊಂದೇ.

ದಾರಿಗಡ್ಡ ನಿಂತವನ ಹೆಸರು ಎಲ್ದಿಯಾರ್. ಬಿಷ್ಕೆಕ್‌ನ ಹಳೆಯ ಆಟದ ಮೈದಾನದಲ್ಲಿ ನಾಯಿಗಳಿಗೆ ತರಬೇತಿ ಕೊಡುತ್ತಿದ್ದ. ಅವಳ ಕಥೆ ಕೇಳಿ, "ನಾಳೆಯಿಂದ ಬನ್ನಿ. ಪಾಠ ಮೊದಲು ನಿಮಗೆ, ಆಮೇಲೆ ನಾಯಿಗೆ," ಎಂದ.

ದಿನವೂ ಹೋದಳು. ಮೊದಲು ಹೆಸರು, ಆಮೇಲೆ ಆಜ್ಞೆ, ಕೇಳಿದರೆ ಒಂದು ಚೂರು ಒಣಮಾಂಸ. 'ಒತುರ್' ಎಂದರೆ ಕೂರಬೇಕು, 'ಜಾತ್' ಎಂದರೆ ಮಲಗಬೇಕು.

"ಕಿರುಚಬೇಡ. ಕಿರುಚಿದ್ರೆ ಅದಕ್ಕೂ ಗಾಬರಿಯಾಗುತ್ತೆ. ಒಂದೇ ಸಲ ಹೇಳು, ಗಟ್ಟಿಯಾಗಿ ನಿಂತು ಹೇಳು."

'ನೀವು' ಹೋಗಿ 'ನೀನು' ಯಾವಾಗ ಬಂತೋ! ಬಾರ್ಸ್ ಹಗ್ಗ ಎಳೆಯುವುದನ್ನು ಬಿಟ್ಟಿತು, ಜನರ ಮೇಲೆ ಹಾರುವುದನ್ನೂ ಬಿಟ್ಟಿತು. ಮೀರಿಮ್ ನಿದ್ದೆ ಬಿಟ್ಟಳು!

ಒಂದು ಮಧ್ಯಾಹ್ನ ಎಲ್ದಿಯಾರ್‌ನ ಅಪ್ಪ ಮಗನಿಗೆ ಊಟ ತಂದಿದ್ದರು. ಆಗಲೇ ಮೀರಿಮ್ ಗದರಿದಳು: "ಬಾರ್ಸ್, ಒತುರ್!"

ಮುದುಕರು ತಟ್ಟನೆ ಬೆಂಚಿನ ಮೇಲೆ ಕೂತುಬಿಟ್ಟರು.

"ಕೂತೆ ಮಗಳೇ! ನನ್ನ ಹೆಸರು ಬಾರ್ಸ್‌ಬೆಕ್. ನಮ್ಮಕ್ಕ ಸತ್ತ ಮೇಲೆ ನನ್ನನ್ನ ಹೀಗೆ ಗದರಿ ಕೂರಿಸಿದೋಳು ನೀನೇ ನೋಡು. ಬೇಜಾರೇನಿಲ್ಲ, ಕರಿ ಕರಿ."

ಮೈದಾನಕ್ಕೆ ಮೈದಾನವೇ ನಕ್ಕಿತು. ಮೀರಿಮ್ ನಗಲಿಲ್ಲ. ಮುಖ ಕೆಂಪಾಗಿಹೋಯಿತು.

ನಮ್ಮ ಬಿಷ್ಕೆಕ್ ಕಡೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಆ ಹೆಸರಿನ ಒಂದು ತುಂಡನ್ನೂ ಹೇಳುವಂತಿಲ್ಲ. ಸರಿ, ಇವಳನ್ನು ಸೊಸೆ ಎಂದವರು ಯಾರು? ಯಾರೂ ಇಲ್ಲ! ಎಲ್ದಿಯಾರ್ ಅಂಥ ಒಂದು ಮಾತನ್ನೂ ಆಡಿರಲಿಲ್ಲ. ಆದರೂ ಮರುದಿನ ನಾಯಿಯನ್ನು ಕರೆಯಲು ಬಾಯಿ ತೆರೆದರೆ ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತು.

'ಅಯ್ಯೋ... ನನ್ನ ಮನಸ್ಸು ಯಾವಾಗ ಅವರ ಮನೆ ಸೇರಿತು?'

"ಹೆಸರು ಹಿಡಿದು ಕರಿ," ಎಂದ ಎಲ್ದಿಯಾರ್.

"ಏಯ್... ಇಲ್ಲಿ ಬಾ," ಎಂದಳು ಅವಳು.

ಬಾರ್ಸ್ ಗೊಂದಲದಿಂದ ತಲೆ ಓರೆ ಮಾಡಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಹಬ್ಬ ಹತ್ತಿರವಾಯಿತು. ಎಲ್ದಿಯಾರ್‌ನ ತಾಳ್ಮೆ ಹರಿದುಹೋಯಿತು.

"ಅಪ್ಪನೇ ಬೇಜಾರಿಲ್ಲ ಅಂದ್ರಲ್ಲ! ಇನ್ನೇನು?"

"ನಾನು... ಹೇಳಲಾರೆ."

"ನನಗೆ ಗೊತ್ತು. ನಾಯಿ ಬಿಟ್ಟುಬಿಡೋರು ಮೊದಲು ಹೆಸರು ಹೇಳೋದನ್ನ ಬಿಡ್ತಾರೆ. ಎಷ್ಟು ಜನರನ್ನ ನೋಡಿಲ್ಲ ನಾನು! ನೀನೂ ಅವರ ಹಾಗೇ ಅಂತ ಅಂದ್ಕೊಂಡಿರಲಿಲ್ಲ ಮೀರಿಮ್. ನಾಳೆಯಿಂದ ಬರಬೇಡ."

ಎದೆಗೆ ಚೂರಿ ಹಾಕಿದಂತಾಯಿತು. 'ಅಯ್ಯೋ ಮಂಕೇ! ಬಿಡೋದಕ್ಕಲ್ಲ ಕಣೋ...' ಹೇಳುವುದಾದರೂ ಹೇಗೆ? ಹೆಣ್ಣಾಗಿ ತಾನೇ ಬಾಯಿಬಿಟ್ಟು?

ಅಳುತ್ತಲೇ ಮನೆಗೆ ಬಂದಳು. ಆದರೆ ಪಾಠ ನಿಲ್ಲಿಸಲಿಲ್ಲ. ಬೆಳಗಿನ ಚಳಿಯಲ್ಲಿ ವಠಾರದ ಹಿಂದೆ ತಾನೊಬ್ಬಳೇ ಕಲಿಸಿದಳು. ಹೆಸರಿಲ್ಲ, ಬರೀ ಆಜ್ಞೆ. ತಪ್ಪಿದರೆ ಮತ್ತೆ, ಮತ್ತೆ ತಪ್ಪಿದರೆ ಮತ್ತೆ. ಕೊನೆಗೂ ಬಾರ್ಸ್ ಅವಳ ದನಿಗೇ ಕಿವಿ ಕೊಡಲು ಕಲಿಯಿತು.

ವಸಂತದ ಹೊಸವರ್ಷ ನೂರೂಜ್ ಬಂತು. ವಠಾರದ ನಡುವೆ ದೊಡ್ಡ ಕಡಾಯಿಯಲ್ಲಿ ಮೊಳಕೆ ಗೋಧಿಯ ಹಬ್ಬದ ಪಾಯಸ ಸುಮೊಲೊಕ್ ಕುದಿಯುತ್ತಿತ್ತು. ಸುತ್ತ ಬಟ್ಟಲು ಹಿಡಿದ ಮಕ್ಕಳು. "ತರಬೇತಿ ಕೊಟ್ಟೋನೂ ಬಂದು ನೋಡ್ಲಿ," ಎಂದು ಸಬೀರಾ ಅಕ್ಕ ಎಲ್ದಿಯಾರ್‌ನನ್ನೂ ಅವನ ಅಪ್ಪನನ್ನೂ ಕರೆಸಿದ್ದಳು.

"ಹಗ್ಗ ಬಿಚ್ಚು," ಎಂದಳು ಸಬೀರಾ ಅಕ್ಕ.

ಮೀರಿಮ್ ಬಿಚ್ಚಿದಳು. ಅಷ್ಟರಲ್ಲೇ ಎಲ್ಲಿತ್ತೋ ಹಾಳು ಬೆಕ್ಕು! ಕಡಾಯಿಯತ್ತ ಓಡಿತು. ಬಾರ್ಸ್ ಅದರ ಹಿಂದೆ ನುಗ್ಗಿತು. ನೇರ ಮಕ್ಕಳ ಮೇಲೆ... ಕುದಿಯುವ ಕಡಾಯಿಯ ಮೇಲೆ!

"ಹೆಸರು ಕರಿ ಮೀರಿಮ್! ಕರಿ!" ಎಲ್ದಿಯಾರ್ ಕೂಗಿದ.

ಅವನ ಅಪ್ಪ ಎದುರಿಗೇ ನಿಂತಿದ್ದರು. ಅವಳು ಗಟ್ಟಿಯಾಗಿ ನಿಂತಳು. ಕಿರುಚಲಿಲ್ಲ.

"ಜಾತ್!"

ಕಡಾಯಿಗೆ ಒಂದು ಮಾರು ದೂರವಿರುವಾಗ ಬಾರ್ಸ್ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. ಬೆಕ್ಕು ಮೂಗಿನ ಮುಂದೆಯೇ ಹಾದುಹೋದರೂ ಏಳಲಿಲ್ಲ.

ವಠಾರವೆಲ್ಲ ಉಸಿರು ಬಿಟ್ಟಿತು.

"ಯಪ್ಪಾ! ನನ್ನ ಮೊಮ್ಮಕ್ಕಳೂ ಇಷ್ಟು ಮಾತು ಕೇಳಲ್ಲ," ಎಂದಳು ಸಬೀರಾ ಅಕ್ಕ. "ಇರ್ಲಿ ಬಿಡೇ, ನಿನ್ನ ನಾಯಿ ಇಲ್ಲೇ ಇರ್ಲಿ."

ಮೀರಿಮ್ ಓಡಿಹೋಗಿ ಬಾರ್ಸ್‌ನ ಕುತ್ತಿಗೆ ತಬ್ಬಿಕೊಂಡು ಬಿಕ್ಕಳಿಸಿದಳು. ಎಲ್ದಿಯಾರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಇಷ್ಟು ಪ್ರೀತಿ ಇಟ್ಕೊಂಡು... ಇಂಥ ಹೊತ್ತಲ್ಲೂ ಹೆಸರು ಕರೀಲಿಲ್ಲ. ಯಾಕೆ? ಇವತ್ತಾದ್ರೂ ಹೇಳು."

ಅವಳು ನಾಯಿಯ ತುಪ್ಪಳದಿಂದ ಮುಖ ಎತ್ತಲಿಲ್ಲ.

"ಮಾವನ ಹೆಸರನ್ನ... ಸೊಸೆ ಬಾಯಲ್ಲಿ ಹೇಳ್ತಾಳಾ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ.

"ಮೀರಿಮ್... ಮತ್ತೆ ನಾನು ನಿನಗೆ ಎಂಥ ಮಾತಂದೆ!"

"ಅಂದ್ರಿ. ತುಂಬ ಅತ್ತುಬಿಟ್ಟೆ."

"ತಪ್ಪಾಯ್ತು. ಮೊದಲ ದಿನದಿಂದ ಕೇಳಬೇಕು ಅಂತಿದ್ದೆ, ಧೈರ್ಯ ಬರಲಿಲ್ಲ. ಈಗ ಕೇಳ್ತೀನಿ. ನಮ್ಮನೆಗೆ ಬರ್ತೀಯಾ? ನೀನೂ, ಇವನೂ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ಹಾಗಾದ್ರೆ ಇನ್ನು ನನ್ನ ಹೆಸರೂ ಹೇಳಲ್ವಾ?"

ಮೀರಿಮ್ ಕಣ್ಣೊರೆಸಿಕೊಂಡು ನಕ್ಕಳು.

"ಅದನ್ನ ಮಾತ್ರ ಬಿಡಲ್ಲ... ಎಲ್ದಿಯಾರ್."