‘ಲೈನ್’ ಪದದ ಕೊನೆಯ ಚೀಟಿ

"ಬರ್ರಿ ಮೇಡಂ, ಕುಂದ್ರಿ. ಆದ್ರ ಆ ಫೋನ್ ಮಾತ್ರ ಮುಟ್ಟಬ್ಯಾಡ್ರಿ."

ಹಂಪಿ ದಾರಿಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಡಿದ ಮೊದಲ ಮಾತು ಅದು. ಶಿಲ್ಪಶ್ರೀ ಮೇಜಿನ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅವನು ಅವಳ ಮುಖ ನೋಡಿದ. ಕೂತಿದ್ದವನು ಎದ್ದು ನಿಂತ. ಯಾಕೆ ನಿಂತನೋ ಅವಳಿಗೆ ತಿಳಿಯಲಿಲ್ಲ.

"ನಾನು ವಿಶ್ವವಿದ್ಯಾಲಯದ ನಿಘಂಟು ವಿಭಾಗದಿಂದ ಬಂದೀನ್ರಿ. ಕನ್ನಡದಾಗ ಉಳಕೊಂಡ ಇಂಗ್ಲಿಷ್ ಪದಗಳನ್ನ ಕೂಡಿಸ್ತೀವಿ. ನನಗ ಬಂದದ್ದು ‘ಲೈನ್’."

"ಒಂದ ಪದಕ್ಕ ಇಷ್ಟ್ ಬಿಸಲಾಗ ಬಂದ್ರಾ?"

"ಪದ ಒಂದ. ಅರ್ಥ ಇಪ್ಪತ್ತೆರಡು ಆಗ್ಯಾವ."

ಅವಳು ಚೀಲದಿಂದ ಚೀಟಿಗಳ ಕಟ್ಟು ತೆಗೆದಳು. ಒಂದು ಅರ್ಥಕ್ಕೆ ಒಂದು ಚೀಟಿ. ಆ ಕೆಲಸ ಮಾಡುವವರ ಬಾಯಿಂದಲೇ ಬಂದ ಮಾತು ಅದರಲ್ಲಿ ಇರಬೇಕು. ಸಂಡೂರಿನ ಲಾರಿ ಡ್ರೈವರು ‘ಅಣ್ಣ ಲೈನ್ ಮ್ಯಾಲ ಹೋಗ್ಯಾನ’ ಅಂದಿದ್ದ, ಅಂದರೆ ಊರೂರು ತಿರುಗುವ ಬಾಡಿಗೆಗೆ. ಕಂಪ್ಲಿಯ ಗದ್ದೆಯಲ್ಲಿ ಹೆಣ್ಣಾಳುಗಳು ಹಗ್ಗ ಹಿಡಿದು ಲೈನ್ ನಾಟಿ ಮಾಡುತ್ತಿದ್ದರು. ಡ್ಯಾಮಿನ ಹಳೇ ಕ್ಯಾಂಪಿನಲ್ಲಿ ಲೈನ್ ಮನೆಗಳು, ಹೊಸಪೇಟೆಯ ಟೇಲರ್ ಅಂಗಡಿಯಲ್ಲಿ ಕುಪ್ಪಸದ ಲೈನಿಂಗು, ಕಾಲೇಜಿನ ಗೇಟಿನಲ್ಲಿ ಲೈನ್ ಹೊಡೆಯುವ ಹುಡುಗರು.

ಆಪರೇಟರ್ ಒಂದೊಂದೇ ಓದಿ, ಕೊನೆಯದಕ್ಕೆ ನಕ್ಕ. "ಇದನ್ನ ಯಾರ ಬಾಯಿಂದ ಬರಸ್ಕೊಂಡ್ರಿ?"

"ಹೊಡದವನ ಬಾಯಿಂದನ."

ಆಮೇಲೆ ಅವನು ತನ್ನ ಹೆಸರು ಜಂಬುನಾಥ್ ಎಂದ. ಅವಳು ಇಪ್ಪತ್ತಮೂರನೆಯ ಚೀಟಿ ಮುಂದಿಟ್ಟಳು. ಕರೆಂಟಿನ ಲೈನ್. ಆರು ತಿಂಗಳಿಂದ ಆ ಚೀಟಿ ಖಾಲಿಯೇ ಇತ್ತು. ವಿಭಾಗದ ಚಂದ್ರಕಲಾ ಮೇಡಂ ಮೂರು ಸಲ ಕೇಳಿದ್ದರು, ಬಿಡಿಸಿ ಹೇಳಲು ಅವಳಿಗೆ ಆಗಿರಲಿಲ್ಲ.

ಅವಳ ಗಂಡ ಹುಲಿಗೇಶ್ ಮರಿಯಮ್ಮನಹಳ್ಳಿ ಕಡೆ ಲೈನ್‌ಮನ್ ಆಗಿದ್ದ. ಎರಡೂವರೆ ವರ್ಷದ ಹಿಂದೆ ಕಂಬದ ಮೇಲೇ ತೀರಿಕೊಂಡ. ‘ಆಪರೇಟರ್ ಅವಸರ ಮಾಡಿ ಲೈನ್ ಕೊಟ್ಟನಂತೆ’ ಎಂದು ಮಣ್ಣಿಗೆ ಬಂದವರು ಮಾತಾಡಿಕೊಂಡಿದ್ದರು. ಅವಳು ಅಳಲಿಲ್ಲ. ಆವತ್ತಿನಿಂದ ಯಾವುದಕ್ಕೂ ಅತ್ತಿಲ್ಲ.

"ಕಂಬ ಹತ್ತೋ ಮೊದಲು ಎಲ್‌ಸಿ ತಗೋತಾರ," ಜಂಬುನಾಥ್ ಹೇಳಿದ. "ಲೈನ್ ಕ್ಲಿಯರ್. ಈ ಫೋನಿಗೆ ಕೇಳ್ತಾರ, ನಾನು ಲೈನ್ ಬಂದ್ ಮಾಡಿ ನಂಬರ್ ಕೊಡ್ತೀನಿ. ಕೆಲಸ ಮುಗದ ಮ್ಯಾಲ ಎಲ್‌ಸಿ ತಗೊಂಡವನ ಅದನ್ನ ವಾಪಸ್ ಕೊಡಬೇಕು. ಅವನದ ದನಿ ಕೇಳಬೇಕು. ಅಲ್ಲೀತನಕ ಸಾಹೇಬ್ರು ಹೇಳಿದ್ರೂ, ಮಂತ್ರಿ ಹೇಳಿದ್ರೂ ಲೈನ್ ಕೊಡಂಗಿಲ್ಲ, ಕರೆಂಟ್ ಬಿಡಂಗಿಲ್ಲ."

ಅವಳು ಬರೆದುಕೊಂಡಳು. ಒಂದಕ್ಷರವೂ ಬಿಡಲಿಲ್ಲ. ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಒಂದು ಗುರುವಾರದ ಕೆಲಸ ಐದು ಗುರುವಾರ ಆಯಿತು. ಟ್ರಿಪ್, ಫೀಡರ್, ಲೋಡ್... ಕೇಳಬೇಕಾದ ಪದಗಳು ಮುಗಿಯುತ್ತಲೇ ಇರಲಿಲ್ಲ. ಮುಗಿಯದಿರಲಿ ಎಂದು ತಾನು ಬಯಸುತ್ತಿದ್ದೇನೆಯೇ? ಆ ಪ್ರಶ್ನೆಯನ್ನು ಅವಳು ಬಸ್ಸಿನಲ್ಲೇ ಬಿಟ್ಟು ಇಳಿಯುತ್ತಿದ್ದಳು.

"ಈ ಲೈನ್ ಎಲ್ಲಿಂದ ಬಂತ್ರಿ?" ಎಂದು ಒಮ್ಮೆ ಅವನು ಕೇಳಿದ.

"ಅಗಸಿಯಿಂದ."

"ನಾವು ತಿನ್ನೋ ಅಗಸಿ?"

"ಅದ. ಲ್ಯಾಟಿನ್‌ದಾಗ ಅಗಸಿಗೆ ಲಿನಮ್ ಅಂತಾರ. ಅದರ ನಾರಿನ ದಾರ ಲೀನಿಯ. ದಾರ ಹಿಡದು ನೆಟ್ಟಗ ಗೆರಿ ಹಾಕ್ತಿದ್ರು, ಆಮ್ಯಾಲ ಗೆರಿಗೇ ಆ ಹೆಸರು ಬಂತು. ಇಂಗ್ಲಿಷಿಗೆ ಎರಡು ದಾರಿಯಾಗ ಬಂದದ. ಒಂದು ಹಗ್ಗ ಆಗಿ, ಇನ್ನೊಂದು ಫ್ರೆಂಚರ ಕಡಿಯಿಂದ ಗೆರಿ ಆಗಿ. ನಿಮ್ಮ ಕರೆಂಟು ಭಾಳ ತಡವಾಗಿ ಬಂದು ಕುಂತದ."

ಮುಂದಿನ ವಾರ ಅವಳು ಸಜ್ಜೆ ರೊಟ್ಟಿಯ ಜೊತೆ ನೆಂಚಿಕೊಳ್ಳಲು ಅಗಸೆಯ ಖಾರದ ಪುಡಿ, ಅಗಸೆ ಹಿಂಡಿ, ತಂದಳು. ಡಬ್ಬಿಯ ಮುಚ್ಚಳ ತೆಗೆದ ಜಂಬುನಾಥ್ ಹಿಂಡಿಯನ್ನು ನೋಡಿ ಚಾಚಿದ ಕೈ ತಡೆದ. ಬರಿ ರೊಟ್ಟಿ ತಿಂದ. ಹಿಂಡಿ ಮುಟ್ಟಲಿಲ್ಲ.

*ಬರಿ ಕೊರಳು ನೋಡಿರಬೇಕು... ಗಂಡ ಸತ್ತವಳು ಕುಟ್ಟಿದ ಹಿಂಡಿ ಅಂತಲೇ...* ಅವಳು ಡಬ್ಬಿ ಮುಚ್ಚಿ ಚೀಲದಲ್ಲಿಟ್ಟಳು.

ಐದನೆಯ ಗುರುವಾರ ಲೈನ್‌ಮನ್ ಅಂಜಿನಯ್ಯ ಒಳಗೆ ಬಂದ. ಅವಳನ್ನು ನೋಡಿ ನಿಂತ.

"ನೀವು ನಮ್ಮ ಹುಲಿಗೇಶನ ಮನಿಯವ್ರಲ್ಲೇನ್ರಿ? ಆವತ್ತು ಡ್ಯೂಟಿಯಾಗ ಇದ್ದ ಆಪರೇಟರು ಇವರ ನೋಡ್ರಿ... ಆಮ್ಯಾಲನ ಇಲ್ಲಿಗೆ ವರ್ಗಾ ಆದ್ರು."

ಶಿಲ್ಪಶ್ರೀ ಪೆನ್ನು ಕೆಳಗಿಟ್ಟಳು.

"ನಿಮಗ ನಾನ್ಯಾರು ಅಂತ ಗೊತ್ತಿತ್ತಾ?" ಅವಳು ಜಂಬುನಾಥನನ್ನು ಕೇಳಿದಳು.

"ಮೊದಲ ದಿನದಿಂದ. ಮಣ್ಣಿಗೆ ಬಂದಿದ್ದೆ. ದೂರ ನಿಂತಿದ್ದೆ."

ಅವಳು ಚೀಟಿಗಳನ್ನು ಕಟ್ಟಿಕೊಂಡು ಹೊರಟಳು. ಅವನು ತಡೆಯಲಿಲ್ಲ.

ಮನೆಯಲ್ಲಿ ಅತ್ತೆ ಭರಮಮ್ಮ ಎಲ್ಲ ಕೇಳಿಸಿಕೊಂಡರು. ಎದ್ದು ಹೋಗಿ ಟ್ರಂಕಿನ ತಳದಿಂದ ಕಂದು ಬಣ್ಣದ ಕವರು ತಂದರು. ಹುಲಿಗೇಶನ ಸಾವಿನ ವಿಚಾರಣೆಯ ಕಾಗದ. ಅಂಟು ಬಿಚ್ಚಿರಲಿಲ್ಲ.

"ನನಗ ಓದಾಕ ಬರಂಗಿಲ್ಲ. ನಿನಗ ಓದೋ ಮನಸಿರಲಿಲ್ಲ. ಊರಿನ ಪದಗಳನ್ನೆಲ್ಲ ಓದ್ತಿ, ಇದನ್ನೂ ಓದವ್ವ."

ಶಿಲ್ಪಶ್ರೀ ಓದಿದಳು. ಲೈನ್ ಯಾರೂ ಕೊಟ್ಟಿರಲಿಲ್ಲ. ಮದುವೆ ಛತ್ರವೊಂದರ ಜನರೇಟರ್‌ನಿಂದ, ಬಂದ್ ಆಗಿದ್ದ ಲೈನಿಗೆ ಕರೆಂಟು ಹಿಂದಕ್ಕೆ ಹರಿದಿತ್ತು. ರಿಜಿಸ್ಟರಿನ ಜೆರಾಕ್ಸ್ ಪುಟವೂ ಇತ್ತು. ಎಲ್‌ಸಿ ತೆಗೆದುಕೊಂಡವರು, ಹುಲಿಗೇಶ್. ಸಮಯ, ಹನ್ನೊಂದು ನಲವತ್ತು. ವಾಪಸ್ ಕೊಟ್ಟವರು ಎಂಬ ಕಾಲಂ ಖಾಲಿ. ಕೊನೆಗೆ ಆಪರೇಟರನ ಹೇಳಿಕೆ.

‘"ನಂಬರ್ ಜಲ್ದಿ ಕೊಡ್ರಿ, ಮನಿಯಾಕಿ ಅಗಸಿ ಹಿಂಡಿ ಕುಟ್ಟ್ಯಾಳ, ಊಟಕ್ಕ ಹೋಗಬೇಕು" ಎಂದು ಹುಲಿಗೇಶ್ ಫೋನಿನಲ್ಲಿ ನಕ್ಕರು. ಆಮೇಲೆ ಅವರ ದನಿ ನನಗೆ ಕೇಳಲಿಲ್ಲ. ಅವರು ವಾಪಸ್ ಕೊಡಲಿಲ್ಲ. ನಾನು ಲೈನ್ ಕೊಡಲಿಲ್ಲ.’

ಕಾಗದದ ಮೇಲೆ ಒಂದು ಹನಿ ಬಿತ್ತು. ಅದು ತನ್ನದೇ ಎಂದು ಅವಳಿಗೆ ತಡವಾಗಿ ತಿಳಿಯಿತು. ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿದರು. "ಅಳು... ಎರಡೂವರಿ ವರ್ಷ ಆತು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಗುರುವಾರ ರೊಟ್ಟಿ ನಾನ ಬಡೀತೀನಿ."

ಗುರುವಾರ ಜಂಬುನಾಥ್ ಬಾಗಿಲಲ್ಲೇ ನಿಂತಿದ್ದ.

"ಬರಂಗಿಲ್ಲ ಅಂದ್ಕೊಂಡಿದ್ದೆ."

"ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಂದೇನ್ ತಪ್ಪಿಲ್ಲ ಅಂತಲಾ? ನಿಮ್ಮ ಮನಿಯವ್ರ ಕಡೀ ಮಾತು ನನ್ನ ಹತ್ರ ಇತ್ತು. ಅದು ನಿಮ್ಮದು. ಕೊಡೋಣ ಅಂತ ಪ್ರತಿ ಗುರುವಾರ ಅಂದ್ಕೋತಿದ್ದೆ... ಕೊಟ್ರ ನೀವು ಮತ್ತ ಬರಂಗಿಲ್ಲ ಅನ್ನೋ ಅಂಜಿಕಿ."

"ಅಂಜಿಕಿ ಯಾಕ?"

ಅವನು ನೆಲ ನೋಡಿದ. "ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು, ಅದಕ್ಕ."

ಶಿಲ್ಪಶ್ರೀ ಒಳಗೆ ಬಂದಳು. ಮೇಜಿನ ಮೇಲೆ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು, ಅಗಸೆ ಹಿಂಡಿ ಹಚ್ಚಿ ಅವನ ಮುಂದೆ ಹಿಡಿದಳು.

"ಅವರಿಗಂತ ಕುಟ್ಟಿದ್ದು ಆವತ್ತು ಹಂಗ ಉಳೀತು," ಎಂದಳು. "ಇದು ನಿಮಗಂತನ ಕುಟ್ಟಿದ್ದು."

ಅವನು ತೆಗೆದುಕೊಂಡ. ನಿಧಾನವಾಗಿ ತಿಂದ. ಕಣ್ಣು ಒದ್ದೆಯಾದವು.

"ಖಾರ ಆತೇನ್ರಿ?"

"ಹೂಂ. ಭಾಳ."

"ಮುಂದಿನ ಸಲ ಕಡಿಮಿ ಹಾಕ್ತೀನಿ."

"ಬ್ಯಾಡ್ರಿ," ಜಂಬುನಾಥ್ ಇನ್ನೊಂದು ತುತ್ತಿಗೆ ಕೈ ಚಾಚಿದ. "ಹಿಂಗ ಇರ್ಲಿ."