ಪಾಚಿ ಕಟ್ಟದ ಬುಟ್ಟಿ

ನಮ್ಮ ಮಿನಿಕಾಯ್ ದ್ವೀಪದಲ್ಲಿ ಕಳ್ಳತನ ಅಪರೂಪ. ಹಾಗಾಗಿ ಪತ್ತೇದಾರಿ ಕಂಬುಲೋ ಹನ್ನೆರಡು ತುಂಬುವವರೆಗೂ ತಪ್ಪಿಸಿಕೊಂಡ ಕೋಳಿ, ಅದಲುಬದಲಾದ ಚಪ್ಪಲಿ ಹುಡುಕಿಕೊಂಡೇ ಕಾಲ ಕಳೆದಿದ್ದಳು. ಅವಳ ಗೆಳತಿಯಾದ ನನ್ನ ಪಾಲಿಗೆ ಬಂದದ್ದು ದೋಣಿಯ ನೀರು ಮೊಗೆದು ಹಾಕುವ ಕೆಲಸ. ಆ ಬೆಳಿಗ್ಗೆ ಮಾತ್ರ ನಾನೇ ಅಳುತ್ತಾ ಅವಳ ಮನೆಗೆ ಓಡಿದೆ.

“ಎರೆಮೀನಿನ ಬುಟ್ಟಿ ಖಾಲಿ ಕಣೇ! ನಮ್ಮ ಇದ್ರೀಸಣ್ಣನೇ ಪಕ್ಕದೂರಿಗೆ ಕೊಟ್ಟ ಅಂತಿದಾರೆ!”

ಊರಿನ ಹೊಸ ದೋಣಿ ಅಂದು ಮೊದಲ ಸಲ ಟ್ಯೂನಾ ಹಿಡಿಯಲು ಹೊರಡಬೇಕಿತ್ತು. ಎರೆಯಾಗಿ ಜೀವಂತ ಮರಿಮೀನು ಎರಚದಿದ್ದರೆ ಟ್ಯೂನಾ ದೋಣಿಯ ಹತ್ತಿರ ಸುಳಿಯುವುದಿಲ್ಲ. ಆ ಮರಿಗಳನ್ನು ಒಂದು ವಾರದಿಂದ ದಡದ ಹತ್ತಿರ, ಅಲೆಯಿಲ್ಲದ ಒಳಗಡಲಿನಲ್ಲಿ ತೇಲುವ ಬಿದಿರಿನ ಬುಟ್ಟಿಯಲ್ಲಿ ಸಾಕಿ, ಅಣ್ಣನನ್ನು ಕಾವಲಿಗಿಟ್ಟಿದ್ದರು. ಅವನು ಬೆಳಗಿನ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು. ಮಧ್ಯಾಹ್ನದೊಳಗೆ ಮೀನು ಸಿಗದಿದ್ದರೆ ಅಣ್ಣ ಇನ್ನು ಆ ದೋಣಿ ಹತ್ತುವಂತಿಲ್ಲ ಎಂದು ಊರ ಯಜಮಾನ ಬೋಡುಕಾಕಾ ಹೇಳಿಬಿಟ್ಟಿದ್ದರು. ಆ ದೋಣಿ ಕಟ್ಟಲು ಮರ ಹೊತ್ತು ಅಣ್ಣನ ಹೆಗಲು ಜಡ್ಡುಗಟ್ಟಿತ್ತು.

ದಡಕ್ಕೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: “ಸತ್ತವಾ? ಒಂದಾದ್ರೂ ಬದುಕಿದ್ಯಾ?”

ಮುದುಕ ಮೂಸಾ ಕಾಕಾ ಮಗುಚಿಟ್ಟ ದೋಣಿಯ ಮೇಲೆ ಕೂತು ಚಹಾ ಹೀರುತ್ತಾ, “ಹೋಗ್ಲಿ ಬಿಡ್ರೋ, ಹುಡುಗನ್ನ ಯಾಕೆ ಬೈತೀರಿ?” ಎಂದರು. ಆಯುಷ್ಯವೆಲ್ಲ ಎರೆ ಎರಚಿದವರು ಅವರು. ಹೊಸ ದೋಣಿಯಲ್ಲಿ ಆ ಕೆಲಸಕ್ಕೆ ಅವರನ್ನು ಬಿಟ್ಟು ದೋಣಿ ನಾಯಕನ ಅಳಿಯನನ್ನು ಸೇರಿಸಿಕೊಂಡಿದ್ದರು. ಆದರೂ ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ.

ಕಂಬುಲೋ ನೀರಿಗೆ ಧುಮುಕಿ ಬುಟ್ಟಿಯ ಅಡಿಗೆ ಈಜಿದಳು. “ನೀನೂ ತಳ ಮುಟ್ಟಿ ನೋಡೇ.” ಮುಟ್ಟಿದೆ. ಬಿದಿರು ಒರಟಾಗಿತ್ತು, ಮೀನಿನ ಒಂದು ಹುರುಪೆಯೂ ಅಂಟಿರಲಿಲ್ಲ. ಅವಳು ಅಪ್ಪನ ಸಣ್ಣ ದೋಣಿಯನ್ನು ನೀರಿಗೆ ನೂಕಿ, ನನ್ನ ಕೈಗೆ ನೀರು ಮೊಗೆಯುವ ಚಿಪ್ಪು ಕೊಟ್ಟು, ಪಕ್ಕದ ಕಿರುದ್ವೀಪದ ಕಡೆಗೆ ಹುಟ್ಟು ಹಾಕಿದಳು. ಅಲ್ಲಿ ಕಂಡದ್ದನ್ನು ಊರವರೆಲ್ಲ ಸೇರುವವರೆಗೆ ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಮಧ್ಯಾಹ್ನ ಊರಮನೆಯಲ್ಲಿ ಎಲ್ಲರೂ ಸೇರಿದಾಗ ಅವಳು ಒದ್ದೆ ಬಟ್ಟೆಯಲ್ಲೇ ಎದ್ದು ನಿಂತಳು.

“ಬೋಡುಕಾಕಾ, ವಾರದಿಂದ ನೀರಲ್ಲಿರೋ ಬುಟ್ಟಿಗೆ ಪಾಚಿ ಕಟ್ಟಲ್ವಾ? ಇದಕ್ಕಿಲ್ಲ. ಮೀನು ಮೊಗೆದಿದ್ರೆ ಹುರುಪೆ ಉದುರಿರೋದು. ಅದೂ ಇಲ್ಲ. ಅಂದ್ರೆ ಮೀನು ಕದ್ದಿಲ್ಲ, ಬುಟ್ಟಿನೇ ಬದಲಾಗಿದೆ. ದೂರದಿಂದ ನೋಡಿದವ್ರಿಗೆ ಅನುಮಾನ ಬರ್ದಿರ್ಲಿ ಅಂತ ಖಾಲಿದನ್ನ ಕಟ್ಟಿದಾರೆ.”

“ತುಂಬಿದ್ದು ಎಲ್ಲಿ ಹೋಯ್ತು ಹಂಗಾದ್ರೆ?” ಎಂದರು ಬೋಡುಕಾಕಾ.

“ಜೋರಾಗಿ ಎಳೆದ್ರೆ ಮರಿ ಸಾಯ್ತವೆ. ಮೆಲ್ಲಗೆ ಎಳೆದ್ರೆ ನಮಾಜು ಮುಗಿಯೋದ್ರೊಳಗೆ ದೂರ ಹೋಗಕ್ಕಾಗಲ್ಲ. ಹತ್ರದಲ್ಲಿ ನೀರು ಹರಿಯೋ, ಮರೆಯಾದ ಜಾಗ ಅಂದ್ರೆ ಕಿರುದ್ವೀಪದ ಹಿಂದೆ ಮಾತ್ರ. ಅಲ್ಲೇ ಇದೆ. ಬಿಸಿಲು ತಾಗ್ದಂಗೆ ತೆಂಗಿನ ಗರಿ ಬೇರೆ ಹೊದಿಸಿದಾರೆ. ಮೀನಿನ ಮೇಲೆ ಅಷ್ಟು ಪ್ರೀತಿ ಇರೋ ಕಳ್ಳ!”

“ಯಾರದು?” ಎಂದು ಬೋಡುಕಾಕಾ ಕೇಳಿದರು.

“ಬೆಳಿಗ್ಗೆ ಎಲ್ರೂ ಕೇಳಿದ್ದು ‘ಬದುಕಿದ್ಯಾ’ ಅಂತ. ಕೇಳ್ದೆ ಇದ್ದವ್ರು ಒಬ್ರೇ. ಉತ್ತರ ಗೊತ್ತಿದ್ದವ್ರು ಯಾಕೆ ಕೇಳ್ತಾರೆ, ಅಲ್ವಾ ಮೂಸಾ ಕಾಕಾ?”

ಮುದುಕ ತಲೆ ತಗ್ಗಿಸಿದರು. “ಎರೆ ಕಾಣ್ದಿದ್ರೆ ಹುಡುಕಿಕೊಡು ಅಂತ ನನ್ನ ಹತ್ರ ಬರ್ತಾರೆ ಅಂದ್ಕೊಂಡೆ. ಹುಡುಗನ ಕುತ್ತಿಗೆಗೆ ಬರುತ್ತೆ ಅಂತ ಹೊಳೀಲಿಲ್ಲ. ಆಮೇಲೆ ಒಪ್ಕೊಳ್ಳೋಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಇದ್ರೀಸಾ.”

ನನಗೆ ಸಿಟ್ಟು ಬಂದಷ್ಟೇ ಅಳುವೂ ಬಂತು. ಅಣ್ಣ ಮಾತ್ರ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತ.

ಬೋಡುಕಾಕಾ ಅವರಿಬ್ಬರ ಕಡೆ ತಿರುಗಿದರು. “ಕದ್ದಿದ್ದು ಕಾಕಾನ ತಪ್ಪು. ಅವ್ರನ್ನ ದೋಣಿಗೆ ಕರೀದೇ ಇದ್ದದ್ದು ನಮ್ಮ ತಪ್ಪು. ಇದ್ರೀಸಾ, ನಿಂಗೆ ನಾನಂದ ಮಾತು ವಾಪಸ್ ತಗೊಂಡೆ. ಇವತ್ತು ಎರೆ ಎರಚೋರು ಯಾರು?”

“ಕಾಕಾನೇ ಎರಚ್ಲಿ!” ಎಂದು ಮೊದಲು ಕೂಗಿದ್ದು ನಾಯಕನ ಅಳಿಯ. “ನಂಗೆ ಎರಚೋದು ಇನ್ನೂ ಸರಿಯಾಗಿ ಬರಲ್ಲ.”

ಬುಟ್ಟಿ ತರಲು ಕಂಬುಲೋ ಜೊತೆ ಹುಡುಗರು ಸಣ್ಣ ದೋಣಿ ಹತ್ತಿದರು. ದೋಣಿ ದಡ ಬಿಡುವಷ್ಟರಲ್ಲಿ ಮೂಸಾ ಕಾಕಾ ಸೊಂಟದವರೆಗೆ ನೀರಿಗಿಳಿದು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

“ಕಂಬುಲೋ, ನೀನು ನೋಡ್ದಾಗ ಎಲ್ಲಾ ಬದುಕಿದ್ವಾ?”

“ಈಗ ಕೇಳಿದ್ರಲ್ಲಾ ಕಾಕಾ!” ಎಂದ ನನ್ನ ಅಣ್ಣ, ದಡದಲ್ಲಿ ಕಾಯುತ್ತಿದ್ದ ಹೊಸ ದೋಣಿಯ ಮೇಲೆ ನಿಂತುಕೊಂಡು.