ಅವನು ನಕ್ಕಂತೆ ಕಂಡ ಫೋಟೋ

ಅಪ್ಪನ ಶವದ ಪಕ್ಕದಲ್ಲಿ ನಿಂತು ಅವನು ನಗುತ್ತಿದ್ದ!

ಚಿಕ್ಕಪ್ಪ ಕಳಿಸಿದ ಫೋಟೋದಲ್ಲಿ ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿತ್ತು. ಅಂದು ಅಮ್ಮನ ಜೊತೆ ಒಳಕೋಣೆಯಲ್ಲಿದ್ದ ಅವಳು ಅದನ್ನು ಕಂಡಿರಲಿಲ್ಲ. ಅವನೇನು ಬೇರೆ ಯಾರೋ ಅಲ್ಲ... ಅಪ್ಪನ ಕನ್ನಡಕದ ಅಂಗಡಿಯಲ್ಲಿ ಗ್ಲಾಸ್ ಕೂರಿಸುವ ಕೆಲಸ ಕಲಿತವನು. ಅಪ್ಪನೇ ಮೆಚ್ಚಿ ಅವಳಿಗೆ ಗೊತ್ತು ಮಾಡಿದ್ದ ಹುಡುಗ.

ಮತ್ತೆ ಅಂಗಡಿ ತೆರೆದ ದಿನ ಅವಳು ಅವನ ಮುಂದೆ ಫೋನ್ ಹಿಡಿದಳು.

"ಇದೇನು?"

"ನಾನು ನಗ್ಲಿಲ್ಲ."

"ಹಾಗಾದ್ರೆ ನನ್ನ ಕಣ್ಣು ಸುಳ್ಳಾ?"

ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಅವಳು ಫೋನಿನಿಂದ ಕಣ್ಣೆತ್ತಲಿಲ್ಲ. ಅವನು ಕೆಲಸದ ಅಂಗಿ ಬಿಚ್ಚಿಟ್ಟು ಹೊರಟುಹೋದ.

ಮದುವೆ ಮುರಿಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಇನ್ನೊಂದು ಮಾತು ಕೇಳಬಾರದಿತ್ತೇ ಎಂದು ಅಮ್ಮ ಅಂದಾಗಲೆಲ್ಲ ಅವಳು ಸಿಡಿದೇಳುತ್ತಿದ್ದಳು. ಆದರೆ ಅಂಗಡಿಯ ಬಾಗಿಲು ಸದ್ದಾದರೆ ಸಾಕು, ತಲೆ ತಾನಾಗಿಯೇ ಅತ್ತ ತಿರುಗುತ್ತಿತ್ತು.

ಬೇಡವೆಂದು ಕಳಿಸಿದವನಿಗೆ ನಾನೇಕೆ ಕಾಯುತ್ತಿದ್ದೇನೆ...?

ಚಳಿಗಾಲ ಕಳೆದ ಮೇಲೆ ಸೋದರತ್ತೆ ಬಂದರು. ಅಪ್ಪ ಹೋದ ದಿನ ತಾವು ಮಹಡಿ ಮೆಟ್ಟಿಲಿನಿಂದ ತೆಗೆದ ಫೋಟೋಗಳನ್ನು ಅಮ್ಮನಿಗೆ ತೋರಿಸುತ್ತಿದ್ದರು. ಅವಳೂ ಬಗ್ಗಿ ನೋಡಿದಳು.

ಅದೇ ಗಳಿಗೆ. ಅದೇ ಅವನು. ಚಿಕ್ಕಪ್ಪ ನೆಲದಲ್ಲಿ ಕೂತು ಪಕ್ಕದಿಂದ ತೆಗೆದಿದ್ದರು. ಅಲ್ಲಿ ಕಂಡದ್ದು ಅರ್ಧ ಕೆನ್ನೆ ಮತ್ತು ತೆರೆದ ಬಾಯಿ, ಅಷ್ಟೇ. ಅತ್ತೆ ತೆಗೆದದ್ದು ಎದುರಿನಿಂದ, ಎತ್ತರದಿಂದ. ಇಲ್ಲಿ ಅವನ ಕಣ್ಣುಗಳಿದ್ದವು. ಮುಖವೆಲ್ಲ ಕಿವುಚಿಕೊಂಡು, ಕೆನ್ನೆ ಒದ್ದೆಯಾಗಿ, ಮಂಚದ ಅಂಚು ಹಿಡಿದು ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಈ ಫೋಟೋವನ್ನು ಅವತ್ತೇ ಅವನಿಗೂ ಕಳಿಸಿದ್ದೆ ಎಂದರು ಅತ್ತೆ.

ಅವನು ಈಗ ಪೇಟೆಯ ಇನ್ನೊಂದು ಕನ್ನಡಕದ ಅಂಗಡಿಯಲ್ಲಿದ್ದ. ಅವಳು ಹೋದಾಗ ಯಂತ್ರದ ಮುಂದೆ ಕೂತು ಗ್ಲಾಸಿನ ಅಂಚು ಉಜ್ಜುತ್ತಿದ್ದ. ಅವಳನ್ನು ಕಂಡು ಯಂತ್ರ ನಿಲ್ಲಿಸಿದ.

"ಅತ್ತೆ ತೆಗೆದ ಫೋಟೋ ನಿನ್ನ ಹತ್ರಾನೂ ಇತ್ತಲ್ಲ... ಯಾಕೆ ತೋರಿಸ್ಲಿಲ್ಲ?"

"ನನ್ನ ಮುಖ ನೋಡಿ ಕೇಳಿದ್ರೆ ಎಲ್ಲಾ ಹೇಳ್ತಿದ್ದೆ. ನೀನು ಫೋನ್ ನೋಡ್ಕೊಂಡು ಕೇಳ್ದೆ. ಒಂದು ಫೋಟೋ ನೋಡಿ ಬಿಟ್ಟವಳು, ಇನ್ನೊಂದು ನೋಡಿ ಒಪ್ಕೊಂಡ್ರೆ... ಮೂರನೇದು ಬಂದಾಗ ನನ್ನ ಗತಿ ಏನು?"

ಅವಳು ಗಿರಾಕಿಗಳ ಸ್ಟೂಲ್ ಎಳೆದು ಅವನೆದುರು ಕೂತಳು. ಅವನ ಮುಖವನ್ನೇ ನೋಡಿದಳು.

"ತಪ್ಪು ನಂದೇ. ಈಗ ಕೇಳ್ತೀನಿ. ಅವತ್ತು ಏನಾಯ್ತು ನಿಂಗೆ?"

ಅವನು ಕೈಯಲ್ಲಿದ್ದ ಗ್ಲಾಸನ್ನು ಮೇಜಿನ ಮೇಲಿಟ್ಟ.

"ಯಾರೋ ಯಜಮಾನ್ರ ಕನ್ನಡಕ ತೆಗೆದಿಟ್ಟಿದ್ರು. ಅದಿಲ್ಲದೆ ಅವರ ಮುಖ ನಾನು ಯಾವತ್ತೂ ನೋಡಿರ್ಲಿಲ್ಲ. ಗುರುತೇ ಸಿಗ್ಲಿಲ್ಲ ನಂಗೆ..."

ಗಾಜಿನ ಪುಡಿ ಮೆತ್ತಿದ ಅವನ ಕೈಯನ್ನು ಅವಳು ಹಿಡಿದುಕೊಂಡಳು. ಅಪ್ಪನಿಗಾಗಿ ಅಂದಿನಿಂದ ಎದೆಯಲ್ಲೇ ಕಟ್ಟಿಕೊಂಡಿದ್ದ ಅಳು ಅವನೆದುರು ಹರಿಯಿತು.

"ಕ್ಷಮಿಸ್ತೀಯಾ?"

"ಇವತ್ತೇ ಆಗುತ್ತೋ ಇಲ್ವೋ ಗೊತ್ತಿಲ್ಲ. ನಿನ್ನ ಬಿಟ್ಟು ಇರೋಕಂತೂ ಆಗ್ಲಿಲ್ಲ."

"ಹಾಗಾದ್ರೆ ನಾಳೆ ಮತ್ತೆ ಬಂದು ಕೇಳ್ತೀನಿ."

"ಬೇಡ," ಎಂದ ಅವನು, ಕೈ ಬಿಡದೆ. "ನಾಳೆ ನಾನೇ ಬರ್ತೀನಿ. ಅಮ್ಮನಿಗೆ ಹೇಳಿರು."